ಟೋಪಿಗೂ ಮೊದಲು ಒಂದು ಮರದ ತಲೆ

ಟೋಪಿಯ ಅಚ್ಚಿಗೆಂದು ಲೇತ್ ಅಂಗಡಿಯವರಿಗೆ ನಾನು ಕೊಟ್ಟ ಅಳತೆ ಒಂದೇ: ಸುತ್ತಳತೆ 57 ಸೆಂಟಿಮೀಟರ್. ಮಂಚದ ಕಾಲು ಕಡೆದು ಪಳಗಿದ ಕೈ. ಎರಡೇ ದಿನದಲ್ಲಿ ನುಣ್ಣನೆಯ ಮರದ ತಲೆಯೊಂದು ಸಿದ್ಧವಾಯಿತು. ಅದರ ಮೇಲೆ ಎಳೆದು ಒಣಗಿಸಿದ ಟೋಪಿ ಹಾಕಿಕೊಂಡು ನೋಡಿದರೆ ಹಣೆಗೂ ಹಿಂದಲೆಗೂ ಒತ್ತುತ್ತದೆ, ಕಿವಿಯ ಮೇಲೆ ಮಾತ್ರ ಬೆರಳು ತೂರುವಷ್ಟು ಸಂದು. ಅಳತೆ ತಪ್ಪಿರಲಿಲ್ಲ. ಮನುಷ್ಯನ ತಲೆ ಬುಗುರಿಯಂತೆ ಗುಂಡಗಿಲ್ಲ ಎನ್ನುವುದು ನನಗೆ ಹೊಳೆದಿರಲಿಲ್ಲ, ಅಷ್ಟೆ. 57 ಸೆಂ.ಮೀ. ಸುತ್ತಳತೆಯ ತಲೆ ಹಣೆಯಿಂದ ಹಿಂದಕ್ಕೆ 20 ಸೆಂ.ಮೀ. ಇದ್ದರೆ ಅಡ್ಡಕ್ಕೆ 16ರ ಆಸುಪಾಸು. ದುಡ್ಡು ಕೊಟ್ಟು ನನಗೆ ನಾನೇ ಟೋಪಿ ಹಾಕಿಕೊಂಡಿದ್ದೆ.

ತಮಾಷೆಯೆಂದರೆ ಟೋಪಿಯ ನಂಬರುಗಳು ಮಾತ್ರ ತಲೆ ಗುಂಡಗಿದೆ ಎಂದುಕೊಂಡೇ ಹುಟ್ಟಿದವು. 57 ಸೆಂ.ಮೀ. ಸುತ್ತಳತೆಯ ವೃತ್ತಕ್ಕೆ ವ್ಯಾಸ 18 ಸೆಂ.ಮೀ.ಗಿಂತ ಕೂದಲೆಳೆ ಹೆಚ್ಚು, ಇಂಚಿನಲ್ಲಿ 7⅛. ಅಮೆರಿಕದ ಅಂಗಡಿಯಲ್ಲಿ ಅದೇ ನಂಬರು ಕೇಳಬೇಕು. ಬ್ರಿಟನ್ನಿನಲ್ಲಿ ಅದೇ ತಲೆಗೆ ಬರೀ 7.

ಟೋಪಿ ಮಾಡುವ ಕಸುಬಿನ ಜೀವ ಇರುವುದು ಫೆಲ್ಟ್ ಎಂಬ ವಸ್ತುವಿನಲ್ಲಿ. ಹಾರ್ಮೋನಿಯಂ ಮನೆಗಳ ಅಡಿಯಲ್ಲಿ, ಶಾಲೆಯ ಡಸ್ಟರಿನಲ್ಲಿ ನಾವೆಲ್ಲ ಅದನ್ನು ಮುಟ್ಟಿದ್ದೇವೆ. ನೂತದ್ದಲ್ಲ, ನೇಯ್ದದ್ದಲ್ಲ, ಹಾಸೂ ಇಲ್ಲ, ಹೊಕ್ಕೂ ಇಲ್ಲ. ಉಣ್ಣೆಯ ಎಳೆಯ ಮೈಮೇಲೆ ಮೀನಿಗಿರುವ ಹಾಗೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಸ್ವೆಟರನ್ನು ಬಿಸಿನೀರಿನಲ್ಲಿ ಒಗೆದು ಮಗುವಿನ ಅಂಗಿಯಷ್ಟು ಕುಗ್ಗಿಸಿದವರು ತಮಗೇ ಗೊತ್ತಿಲ್ಲದೆ ಫೆಲ್ಟ್ ಮಾಡಿದ್ದಾರೆ. ನೇಯ್ಗೆಯ ದಿಕ್ಕು ಇಲ್ಲದ್ದರಿಂದ ಹಬೆ ತಾಗಿದ ಫೆಲ್ಟ್ ಒಬ್ಬಟ್ಟಿನ ಕಣಕದ ಹಾಗೆ ಎಳೆದತ್ತ ಬರುತ್ತದೆ, ಒಣಗಿದಾಗ ಯಾವುದರ ಮೇಲೆ ಕೂತಿತ್ತೋ ಅದರ ರೂಪವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಟೋಪಿ ಚೆನ್ನಾಗಿ ಬರುವುದೂ ಕೆಡುವುದೂ ಅಡಿಯ ಮರದಿಂದ.

ಇಂಗ್ಲೆಂಡಿನಲ್ಲಿ ಟೋಪಿಯ ಕಸುಬನ್ನೇ ಉಂಡು ಬೆಳೆದ ಊರುಗಳು ಲೂಟನ್ ಮತ್ತು ಸ್ಟಾಕ್‌ಪೋರ್ಟ್. ಲೂಟನ್ ಮೊದಲು ಒಣಹುಲ್ಲಿನ ಟೋಪಿಗೆ ಹೆಸರಾಗಿ ಆಮೇಲೆ ಫೆಲ್ಟಿಗೆ ಕೈಹಾಕಿತು. ಎರಡೂ ಊರಿನ ಫುಟ್‌ಬಾಲ್ ತಂಡಗಳ ಅಡ್ಡಹೆಸರು ಇವತ್ತಿಗೂ ‘ಹ್ಯಾಟರ್ಸ್’. ಸ್ಟಾಕ್‌ಪೋರ್ಟಿನ ಹಳೆಯ ಗಿರಣಿಯೊಂದರಲ್ಲಿ ‘ಹ್ಯಾಟ್ ವರ್ಕ್ಸ್’ ಎಂಬ ಟೋಪಿಗಳದೇ ಮ್ಯೂಸಿಯಂ ಇದೆ. ಈ ಊರುಗಳಲ್ಲಿ ಟೋಪಿ ಮಾಡುವವರು ಬೇರೆ, ಅಚ್ಚು ಕೆತ್ತುವವರು ಬೇರೆ ಇದ್ದರು. ಅಚ್ಚು ಕೆತ್ತನೆ ತನ್ನಷ್ಟಕ್ಕೆ ಒಂದು ಕಸುಬು. ನೆತ್ತಿಗೊಂದು ಅಚ್ಚು, ಅಂಚಿಗೊಂದು ಅಚ್ಚು. ಬುಡಕ್ಕಿಂತ ನೆತ್ತಿ ಅಗಲವಾದ ಟೋಪಿಯಾದರೆ ಒಣಗಿದ ಮೇಲೆ ಮರ ಹೊರಬರುವುದು ಹೇಗೆ? ಅದಕ್ಕೆ ಐದು ತುಂಡಿನ ಅಚ್ಚು. ನಡುವಿನ ತುಂಡನ್ನು ಕೆಳಕ್ಕೆ ಎಳೆದರೆ ಉಳಿದ ನಾಲ್ಕು ಒಳಕ್ಕೆ ಕುಸಿದು ಒಂದೊಂದಾಗಿ ಜಾರಿ ಬರುತ್ತವೆ. ಇದನ್ನು ಕಂಡುಹಿಡಿದವರ ಬಗ್ಗೆ ನನಗೆ ಅಪಾರ ಗೌರವ.

ಲೇತಿನ ಪಾಠ ಕಲಿತ ಮೇಲೆ ಎರಡನೆಯ ಅಚ್ಚನ್ನು ನಾನೇ ಕೆತ್ತಲು ಕೂತೆ. ಯುರೋಪಿನವರು ಲೈಮ್, ಆಲ್ಡರ್, ಪಾಪ್ಲರ್ ಮರಗಳನ್ನು ಬಳಸುತ್ತಾರೆ. ಗಂಟಿರಬಾರದು, ಅಂಟು ಒಸರಬಾರದು, ಫೆಲ್ಟ್ ಕದಲದಂತೆ ಚುಚ್ಚುವ ಗುಂಡುಸೂಜಿ ಸಲೀಸಾಗಿ ಇಳಿದು ಗಟ್ಟಿಯಾಗಿ ನಿಲ್ಲಬೇಕು. ಚನ್ನಪಟ್ಟಣದ ಬೊಂಬೆಗೆ ಒದಗುವ ಹಾಲೆಮರವೂ ಇಂಥದೇ ಮೃದು ಸ್ವಭಾವದ್ದು. ಆದರೆ ತಲೆಯಷ್ಟು ದಪ್ಪದ ದಿಮ್ಮಿ ಸಿಗಲಿಲ್ಲ. ಕಾಫಿ ತೋಟದ ಸಿಲ್ವರ್ ಓಕ್ ಹಲಗೆಗಳನ್ನೇ ಒಂದರ ಮೇಲೊಂದು ಅಂಟಿಸಿದೆ. ಅಂಟು ನೀರಿಗೆ ಬಗ್ಗದಂಥದ್ದೇ ಆಗಬೇಕು. ಮಾಮೂಲಿ ಬಿಳಿ ಅಂಟು ಹಬೆಗೆ ಮೆತ್ತಗಾಗಿ ಹಲಗೆಗಳು ಬಾಯಿಬಿಡುತ್ತವೆ.

ತಲೆಯ ಆಕಾರ ಹಿಡಿಯಲು 1840ರ ದಶಕದಲ್ಲೇ ಪ್ಯಾರಿಸ್ಸಿನಲ್ಲಿ ಒಂದು ಯಂತ್ರ ಬಂದಿತ್ತು. ಹಾರ್ಮೋನಿಯಂ ಮನೆಗಳಂಥ ಕಡ್ಡಿಗಳನ್ನು ಸುತ್ತ ನಿಲ್ಲಿಸಿದ ಕಿರೀಟದಂತೆ ಕಾಣುತ್ತದೆ. ತಲೆಗೆ ಇಟ್ಟರೆ ಕಡ್ಡಿಗಳು ತಲೆಯ ಉಬ್ಬುತಗ್ಗಿಗೆ ತಕ್ಕಂತೆ ಸರಿದು, ಮೇಲಿನ ಚೀಟಿಯ ಮೇಲೆ ಸೂಜಿಚುಕ್ಕಿಗಳಲ್ಲಿ ಅದರ ಪುಟ್ಟ ನಕ್ಷೆ ಮೂಡುತ್ತದೆ. ನನ್ನ ಬಳಿ ಇದ್ದದ್ದು ಬಾಗುವ ಸ್ಕೇಲು. ಹಣೆಯ ಮೇಲಿಂದ ಸುತ್ತಿ, ಕಾಗದದ ಮೇಲಿಟ್ಟು ಗೆರೆ ಎಳೆದೆ. ಬಲಭಾಗ ಎಡಕ್ಕಿಂತ ಚೂರು ಉಬ್ಬಿದೆ! ಇಷ್ಟು ವರ್ಷ ಕನ್ನಡಿ ಸುಳ್ಳು ಹೇಳಿತ್ತು. ಟೋಪಿಯ ಒಳಪಟ್ಟಿಗೂ ಜಾಗ ಬೇಕಾದ್ದರಿಂದ ಅಳತೆಗೆ ಅರ್ಧ ಸೆಂ.ಮೀ. ಸೇರಿಸಿಕೊಂಡೆ. ಮೊದಲು ಗರಗಸ, ಆಮೇಲೆ ಉಳಿ, ಅರ, ಕೊನೆಗೆ ಸ್ಯಾಂಡ್‌ಪೇಪರ್. ಕಣ್ಣು ಮುಚ್ಚಿ ಅಂಗೈ ಸವರಿದರೆ ಕಣ್ಣಿಗೆ ಕಾಣದ ದಿಣ್ಣೆ ಸಿಗುತ್ತದೆ. ಉಳಿದುಹೋದ ದಿಣ್ಣೆ ನಾಳೆ ಟೋಪಿಯ ಮೇಲೆ ಏಳುತ್ತದೆ. ಬುಡದ ಸುತ್ತ ದಾರ ಕೂರಲು ಸಣ್ಣ ಕಾಲುವೆ ಕೊರೆದರೆ ಅಚ್ಚು ಮುಗಿಯಿತು.

ಮಾರಾಟಕ್ಕೆ ಸಿಗುವ ಫೆಲ್ಟ್ ಒಂದು ಜೋಲು ಕುಲಾವಿಯಂತಿರುತ್ತದೆ. ಅಚ್ಚಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಒಲೆಯ ಮೇಲೆ ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಫೆಲ್ಟನ್ನು ಹಬೆಗೆ ಹಿಡಿಯಬೇಕು. ಮನೆಯೆಲ್ಲ ಮಳೆಯಲ್ಲಿ ನೆಂದ ಕುರಿಯ ವಾಸನೆ. ಫೆಲ್ಟ್ ಕೈಯಲ್ಲಿ ಸೋತು ಬಾಗಿದ ಕೂಡಲೇ ಅಚ್ಚಿಗೆ ಹಾಕಿ ಎಳೆಯಬೇಕು: ಮುಂದೆ-ಹಿಂದೆ, ಎಡ-ಬಲ, ಮತ್ತೆ ಮೂಲೆಮೂಲೆಗೆ. ಒಂದೇ ಕಡೆ ಜಗ್ಗಿದರೆ ನೆತ್ತಿ ತೆಳುವಾಗುತ್ತದೆ. ಕಾಲುವೆಗೆ ದಾರ ಬಿಗಿದ ಮೇಲೂ ಅಂಚಿನಲ್ಲಿ ನೆರಿಗೆ ಉಳಿದಿರುತ್ತದೆ. ಮತ್ತೆ ಹಬೆ, ಮತ್ತೆ ಎಳೆತ. ಬೆರಳ ತುದಿ ಚುರುಗುಟ್ಟುತ್ತದೆ. ಆಮೇಲೆ ಮುಟ್ಟದೆ ಒಂದು ದಿನ ಬಿಡಬೇಕು, ಮಳೆಗಾಲದಲ್ಲಿ ಎರಡು. ಆತುರಪಟ್ಟು ಒದ್ದೆಯಲ್ಲೇ ಕಳಚಿದರೆ ಆಕಾರ ಕೈಬಿಟ್ಟು ಹೋಗುತ್ತದೆ.

ಟೋಪಿಗೆ ಬಿಗಿ ಬರಲು ಹಿಂದಿನಿಂದ ಹಚ್ಚುತ್ತ ಬಂದದ್ದು ಅರಗು. ಪಾಂಡವರಿಗೆ ಮನೆ ಕಟ್ಟಿಸಿದ ಅದೇ ಅರಗು; ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅದೇ. ಜಾರ್ಖಂಡ್, ಛತ್ತೀಸಗಡಗಳ ಕಡೆ ಮುತ್ತುಗ, ಕುಸುಮ್ ಮರಗಳ ಮೇಲೆ ಪುಟ್ಟ ಹುಳ ಒಸರಿಸಿದ್ದು ಸ್ಪಿರಿಟ್ಟಿನಲ್ಲಿ ಕರಗಿ ವಿಲಾಯಿತಿ ದೊರೆಗಳ ನೆತ್ತಿಯ ಮೇಲೆ ಗಟ್ಟಿಯಾಯಿತು. ಮರದ ಅಚ್ಚಿಗೆ ಮಾತ್ರ ಅರಗಿನ ಪಾಲಿಶ್ ಬೇಡ. ಹಬೆ ಬಡಿದು ಬೆಳ್ಳಗಾಗುತ್ತದೆ.

ಈ ಕಸುಬಿಗೆ ಒಂದು ಕರಾಳ ಮುಖವೂ ಇತ್ತು. ಮೊಲ, ಬೀವರ್‌ಗಳ ತುಪ್ಪಳದಿಂದ ದುಬಾರಿ ಫೆಲ್ಟ್ ಮಾಡುವಾಗ, ಆ ನುಣುಪು ಕೂದಲು ಒಂದಕ್ಕೊಂದು ಹಿಡಿಯಲಿ ಎಂದು ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ಬಳಿದ ತುಪ್ಪಳ ಕೆಂಪು ಹಳದಿಗೆ ತಿರುಗುತ್ತಿದ್ದರಿಂದ ಆ ಕೆಲಸಕ್ಕೆ ಗಜ್ಜರಿಯ ಹೆಸರೇ ಅಂಟಿತು. ಗಾಳಿ ಆಡದ ಕೋಣೆಯಲ್ಲಿ ಆ ಆವಿ ಕುಡಿದವರ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಸ್ವಭಾವವೇ ಬದಲಾಗುತ್ತಿತ್ತು. ಅಮೆರಿಕದ ಟೋಪಿ ಊರು ಡ್ಯಾನ್‌ಬರಿಯಲ್ಲಿ ಆ ನಡುಕಕ್ಕೆ ಊರಿನ ಹೆಸರೇ ಇತ್ತು. ಅಲ್ಲಿ ಪಾದರಸದ ಬಳಕೆ ನಿಂತದ್ದು 1941ರಲ್ಲಿ. ಕುರಿಯ ಉಣ್ಣೆಗೆ ಇದರ ಹಂಗಿಲ್ಲ. ಅಜ್ಜನ ಕಾಲದ ತುಪ್ಪಳದ ಟೋಪಿಯನ್ನು ಅಡುಗೆಮನೆಗೆ ತಂದು ಹಬೆ ಹಿಡಿಯುವ ಸಾಹಸ ಮಾತ್ರ ಬೇಡ.

ಮುಚ್ಚಿದ ಕಾರ್ಖಾನೆಗಳ ಮರದ ತಲೆಗಳು ಈಗ ಯುರೋಪಿನ ಹಳೆಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಷೋಕೇಸಿಗೆ ಇಡಲು ಕೊಳ್ಳುವವರೇ ಹೆಚ್ಚು. ಮನೆಯಲ್ಲಿ ಟೋಪಿ ಮಾಡುವ ಹವ್ಯಾಸಿಗಳು ಅವರೊಂದಿಗೆ ಪೈಪೋಟಿಗೆ ಬೀಳುತ್ತಾರೆ. ತಿರುಗಿಸಿ ನೋಡಿದರೆ ಬುಡದಲ್ಲಿ ನಂಬರು ಒತ್ತಿರುತ್ತದೆ. ದಾರ ಕಟ್ಟುವ ಗೆರೆಯ ಗುಂಟ ಸೂಜಿ ಚುಚ್ಚಿದ ಸಾವಿರಾರು ತೂತು, ಗೆದ್ದಲು ತಿಂದಂತೆ. ನನ್ನ ಸಿಲ್ವರ್ ಓಕಿನ ತಲೆಯ ಮೇಲೆ ಸದ್ಯಕ್ಕೆ ಎಣಿಸಬಹುದಾದಷ್ಟೇ ಇವೆ. ಮೊದಲನೆಯ ಗುಂಡು ತಲೆ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ತಡೆದು ಕೂತಿದೆ.