ಲಾಲ್‌ಬಾಗಿನ ಬಂಡೆ, ನಮ್ಮೂರಿನ ಗುಡ್ಡ

“ತ್ವಾಟ ನೋಡಾಕ ಬೆಂಗಳೂರಿಗ್ಯಾಕ್ರೀ ಸರ? ನಮ್ಮ ಹೊಲದಾಗ ಗಿಡ ಇಲ್ಲೇನು?”

ಶೈಕ್ಷಣಿಕ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗ ಪಾಲಕರೊಬ್ಬರು ಹೀಗೆಂದರು. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ರೈತನಿಗೆ ಮಗುವನ್ನು ರಾಜಧಾನಿಗೆ ಕಳಿಸುವುದೆಂದರೆ ಶೇಂಗಾ ಮಾರಿದ ದುಡ್ಡಿನಲ್ಲಿ ಒಂದು ಪಾಲು ಹೋದಂತೆಯೇ. ಆ ದುಡ್ಡಿಗೆ ತಕ್ಕದ್ದನ್ನು ಮಗು ನೋಡಿ ಬರುತ್ತದೆಯೇ? ವರ್ಷಗಳಿಂದ ಮಕ್ಕಳನ್ನು ಕರೆದೊಯ್ಯುತ್ತಿರುವ ನನಗೇ ಬಹಳ ಕಾಲ ಇದಕ್ಕೆ ಉತ್ತರ ಗೊತ್ತಿರಲಿಲ್ಲ.

ನಮ್ಮ ಪ್ರವಾಸಗಳ ರೀತಿ ನಿಮಗೆ ತಿಳಿದದ್ದೇ. ರಾತ್ರಿ ಬಸ್ಸು ಹತ್ತಿ ಚಿತ್ರದುರ್ಗ, ತುಮಕೂರು ದಾಟಿ ಬೆಳಗಿಗೆ ಬೆಂಗಳೂರು. ವಿಧಾನಸೌಧದ ಮುಂದೆ ಒಂದು ಫೋಟೊ, ಲಾಲ್‌ಬಾಗ್‌ನಲ್ಲಿ ಮುಕ್ಕಾಲು ಗಂಟೆ, ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಗಂಟೆ. ಅಷ್ಟರಲ್ಲಿ ಯಾರೋ ಕಳೆದುಹೋಗಿ, ಸಿಕ್ಕಿ, ಬೈಸಿಕೊಂಡಿರುತ್ತಾರೆ! ಮೊದಲ ಸಲ ಹೋದಾಗ ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು, ಕೆಂಪೇಗೌಡ ಗೋಪುರದ ಬಳಿ ಫೋಟೊ ತೆಗೆಸಿಕೊಂಡು ಇಳಿದಿದ್ದೆವು. ಯಾವುದರ ಮೇಲೆ ಕುಳಿತಿದ್ದೆವೆಂದು ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನು ಒಂದು ಮಾತೂ ಹೇಳಿರಲಿಲ್ಲ.

ತೋಟದ ಇತಿಹಾಸ ಪಠ್ಯದಲ್ಲಿಯೇ ಇದೆ. 1760ರಲ್ಲಿ ಹೈದರ್ ಅಲಿ ಆರಂಭಿಸಿದ್ದು, ಟಿಪ್ಪು ಬೆಳೆಸಿದ್ದು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದದ್ದು. ಇಂದು ಸುಮಾರು 240 ಎಕರೆ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಅದರ ಎರಕದ ಕಬ್ಬಿಣ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ಆದರೆ ಮಕ್ಕಳಿಗೆ ನಾನು ಮೊದಲು ತೋರಿಸುವುದು ನಾಗಲಿಂಗ ಪುಷ್ಪದ ಮರ. ಹೂವಿನೊಳಗೆ ಹೆಡೆಯೆತ್ತಿದ ನಾಗ, ಕೆಳಗೆ ಲಿಂಗ. ನಮ್ಮದೇ ಮರವೆಂದು ಎಲ್ಲರೂ ಆಣೆಯಿಟ್ಟು ಹೇಳುತ್ತಾರೆ. ಅದರ ತವರು ದಕ್ಷಿಣ ಅಮೆರಿಕ! ಬಿಳಿ ಬೂರುಗದ ದೈತ್ಯ ಮರವೂ ಆ ಕಡೆಯದೇ. ಅಡುಗೆಮನೆಯ ಸೀಮೆಬದನೆಯ ಮೂಲ ಮೆಕ್ಸಿಕೊ. ಅದನ್ನು ನಮ್ಮಲ್ಲಿ ಹಬ್ಬಿಸಿದ ಕೀರ್ತಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರೂನ್ ಅವರದು. ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ ‘ಸೀಮೆ’ ಎಂದು ಹೆಸರಲ್ಲೇ ಹೊರಗಿನ ಗುರುತು ಇದ್ದರೂ ನಮಗೆ ಹೊಳೆದಿರುವುದಿಲ್ಲ.

ಇನ್ನು ಆ ಬಂಡೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1975ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇದು ‘ನೈಸ್’ ಎಂಬ ಶಿಲೆ. ನುಣುಪು ಎನ್ನುವ ಅರ್ಥದ ನೈಸ್ ಅಲ್ಲ, ಇದು ಜರ್ಮನಿಯಿಂದ ಬಂದ ಪದ. ಭೂಮಿಯ ಆಳದಲ್ಲಿ ವಿಪರೀತ ಶಾಖ, ಒತ್ತಡಗಳಿಗೆ ಸಿಕ್ಕ ಕಲ್ಲಿನ ಖನಿಜಗಳು ಬೇರೆ ಬೇರೆ ಸಾಲುಗಟ್ಟಿ ಕುಳಿತಾಗ ಕಪ್ಪು, ಬಿಳಿ ಪಟ್ಟೆಗಳು ಮೂಡುತ್ತವೆ. ನಮ್ಮ ಕುರಿಗಾಹಿಗಳ ಕಂಬಳಿಯ ಪಟ್ಟೆಗಳನ್ನು ನೆನೆಸಿಕೊಳ್ಳಿ. ಈ ಬಗೆಯ ಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್. ವಯಸ್ಸು ಸುಮಾರು 300 ಕೋಟಿ ವರ್ಷ.

300 ಕೋಟಿ ಎಂದರೆ ಮಕ್ಕಳಿಗೆ ಏನು ತಿಳಿದೀತು? ಒಂದು ಲೆಕ್ಕ ಮಾಡಿಸಿದೆ. ನೂರು ವರ್ಷಕ್ಕೆ ಒಂದು ಮಿಲಿಮೀಟರ್ ಎಂದು ಹಿಡಿಯಿರಿ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಇಂದಿನ ದಿನ. ಅಲ್ಲಿಂದ ಹಿಂದಕ್ಕೆ ಹೊರಟರೆ ಹೈದರ್ ಅಲಿ ಮೂರು ಮಿಲಿಮೀಟರಿನೊಳಗೇ ಸಿಗುತ್ತಾನೆ. ನಮ್ಮ ಮನುಷ್ಯ ಜಾತಿಯ ಮೂರು ಲಕ್ಷ ವರ್ಷ ಮೂರು ಮೀಟರಿಗೆ ಮುಗಿಯಿತು. ತಮಿಳುನಾಡಿನ ತಿರುವಕ್ಕರೈಯಿಂದ ತಂದು ಲಾಲ್‌ಬಾಗ್‌ನಲ್ಲಿ ಇಟ್ಟಿರುವ, ಮರವೇ ಕಲ್ಲಾದ ಪಳೆಯುಳಿಕೆಗೆ ಎರಡು ಕೋಟಿ ವರ್ಷ, ಅಂದರೆ 200 ಮೀಟರ್. ಬಂಡೆ ಹುಟ್ಟಿದ ಕಾಲ ಮುಟ್ಟಲು 30 ಕಿಲೋಮೀಟರ್ ನಡೆಯಬೇಕು. ಹೆಚ್ಚುಕಡಿಮೆ ಹರಪನಹಳ್ಳಿಗೇ ಹೋದಂತೆ!

ಎಲ್ಲರೂ ನಕ್ಕರು. ಎಂಟನೇ ತರಗತಿಯ ಹುಡುಗನೊಬ್ಬ ಮಾತ್ರ ಕುಕ್ಕರಗಾಲಲ್ಲಿ ಕುಳಿತು ಪಟ್ಟೆಯ ಮೇಲೆ ಬೆರಳಾಡಿಸುತ್ತಿದ್ದ. ಅವನ ತಂದೆ ಕಲ್ಲು ಒಡೆಯುವವರು.

“ಸರ, ಇದು ನಮ್ಮ ಗುಡ್ಡದ ಕಲ್ಲ ಐತ್ರಿ.”

ನಾನು ಹೌದೆಂದೆ. ಕರ್ನಾಟಕದ ಮೈದಾನದ ಬಹುಭಾಗಕ್ಕೆ ನೈಸ್ ಶಿಲೆಯೇ ತಳಹದಿ. ಅದರ ನಡುವೆ ರಾಮನಗರದಿಂದ ಬಳ್ಳಾರಿ ಸೀಮೆಯವರೆಗೆ ಸುಮಾರು 250 ಕೋಟಿ ವರ್ಷ ಹಿಂದಿನ ಗ್ರಾನೈಟ್ ಪಟ್ಟಿಯೊಂದು ಹಾದಿದೆ. ಇಷ್ಟು ವಿವರಿಸುವಷ್ಟರಲ್ಲಿ ಹುಡುಗ ಮತ್ತೆ ಬಾಯಿ ತೆರೆದ.

“ಇಲ್ಲಿ ಬೋರ್ಡು ಹಾಕ್ಯಾರ. ನಮ್ಮಲ್ಲಿ ಮದ್ದು ಹಾಕ್ತಾರ್ರೀ.”

ನನಗೆ ಉತ್ತರ ಹೊಳೆಯಲಿಲ್ಲ. ಆ ಮದ್ದಿನಿಂದಲೇ ಅವನ ಮನೆಯ ಒಲೆ ಉರಿಯುತ್ತದೆ. ನನ್ನ ಮನೆಯ ಅಡಿಪಾಯಕ್ಕೂ ಅಂಥದೇ ಕಲ್ಲು ಬಿದ್ದಿದೆ. 2025ರಲ್ಲಿ ಬೆಂಗಳೂರಿನ ಸುರಂಗ ರಸ್ತೆಯ ಯೋಜನೆ ಲಾಲ್‌ಬಾಗಿನ ಬಳಿ ಬರುತ್ತದೆಂದಾಗ ಈ ಬಂಡೆಯ ಹೆಸರು ಹೇಳಿ ಅನೇಕರು ದನಿಯೆತ್ತಿದರು. ನಮ್ಮ ಗುಡ್ಡಗಳಿಗೆ ಹಾಗೆ ದನಿಯೆತ್ತಲು ಅವುಗಳ ವಯಸ್ಸಾದರೂ ಗೊತ್ತಿರಬೇಕಲ್ಲ?

ಮಧ್ಯಾಹ್ನ ಕಬ್ಬನ್ ಪಾರ್ಕಿನ ಅಂಚಿನ ವಿಶ್ವೇಶ್ವರಯ್ಯ ಮ್ಯೂಸಿಯಂ. 1965ರಲ್ಲಿ ವಿದ್ಯುತ್ತಿನ ಗ್ಯಾಲರಿಯೊಂದಿಗೆ ಜನರಿಗೆ ತೆರೆದದ್ದು. ಇಲ್ಲಿಯ ದೊಡ್ಡ ಅಪಾಯವೆಂದರೆ ಗುಂಡಿಗಳು! ಮಕ್ಕಳು ಒತ್ತುತ್ತಾರೆ, ದೀಪ ಹತ್ತುತ್ತದೆ, ಓಡುತ್ತಾರೆ. ಹಾಗಾಗಿ ಈ ಸಲ ಒಬ್ಬೊಬ್ಬರಿಗೆ ಒಂದೇ ಯಂತ್ರ, ಅದರ ಚಿತ್ರ ಬರೆಯಲೇಬೇಕು ಎಂದು ಕಟ್ಟಳೆ ಮಾಡಿದ್ದೆ. ಗೊಣಗಿದರು. ರೈಟ್ ಸಹೋದರರ ವಿಮಾನದ ಮಾದರಿಯ ಮುಂದೆ ಕುಳಿತ ಹುಡುಗಿಯೊಬ್ಬಳು, 1903ರ ಮೊದಲ ಹಾರಾಟ ಹನ್ನೆರಡು ಸೆಕೆಂಡು, 120 ಅಡಿ ಮಾತ್ರ ಎಂದು ತಿಳಿದು, “ಇಷ್ಟೇನಾ? ನಮ್ಮ ಶಾಲಿ ಅಂಗಳ ದಾಟಾಂಗಿಲ್ಲಲ್ರೀ” ಎಂದು ಬೇಸರಪಟ್ಟಳು. ಊರಿಗೆ ಬಂದ ಮೇಲೆ ಅಂಗಳವನ್ನು ಅಳೆದೂ ನೋಡಿದಳಂತೆ.

ಪ್ರವಾಸದಿಂದ ಬಂದ ಮುಂದಿನ ಸೋಮವಾರ ಆ ಹುಡುಗ ಚೀಲದಲ್ಲಿ ಒಂದು ಕಲ್ಲು ತಂದಿದ್ದ. ಪಟ್ಟೆಗಳು ಸ್ಪಷ್ಟವಾಗಿದ್ದವು. ಊರಿನ ಹೆಸರು ಬರೆದ ಚೀಟಿ ಅಂಟಿಸಿ, ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟೆವು. ಕೆಲದಿನಗಳ ನಂತರ ಅವನ ತಂದೆ ಏನೋ ಕೆಲಸಕ್ಕೆ ಶಾಲೆಗೆ ಬಂದವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಪಟ್ಟಿಗುಂಟ ಉಳಿ ಇಟ್ರ ಸಲೀಸಾಗಿ ಸೀಳತೈತ್ರೀ ಸರ. ಅಡ್ಡ ಹೊಡದ್ರ ಕೇಳಾಂಗಿಲ್ಲ.”

ಏಕೆ ಹಾಗೆ ಎಂಬುದು ನನ್ನ ಪುಸ್ತಕದಲ್ಲಿತ್ತು. ಕೈಯಲ್ಲಿ ಹಿಡಿದು ಬಲ್ಲವರು ಅವರು. ಒಳಗೆ ಬನ್ನಿ ಎಂದು ತರಗತಿಗೆ ಕರೆದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಸಂಕೋಚದಿಂದ ಮೇಜಿನ ಪಕ್ಕ ನಿಂತು, ಕಲ್ಲಿನ ನಾಡಿ ಹಿಡಿಯುವುದು ಹೇಗೆಂದು ಮಕ್ಕಳಿಗೆ ಹೇಳತೊಡಗಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ.