ಆಫರ್ ಒಪ್ಪಿದ ಮೇಲಿನ ಪಾಠ

ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದಂತೆ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದವರು ಶಿಷ್ಟಾಚಾರದ ಪಾಠ ಶುರುಮಾಡುತ್ತಾರೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಹತ್ತು ನಿಮಿಷ ಮೊದಲೇ ಬನ್ನಿ, ಕೂರಿ ಎಂದ ಮೇಲೆ ಕೂರಿ. ಇವನ್ನೆಲ್ಲ ಎರಡು ದಿನದಲ್ಲಿ ಕಲಿಯಬಹುದು. ಮಾಡದ ಇಂಟರ್ನ್‌ಶಿಪ್ಪನ್ನು ರೆಸ್ಯೂಮೆಗೆ ಸೇರಿಸುವುದು, ಆನ್‌ಲೈನ್ ಟೆಸ್ಟನ್ನು ಗೆಳೆಯನಿಂದ ಬರೆಸುವುದು ತಪ್ಪೆಂದು ಮಾಡುವವರಿಗೂ ಗೊತ್ತು. ಯಾರೂ ಬಿಡಿಸಿ ಹೇಳದ ವಿಷಯವೆಂದರೆ ಆಫರ್ ಕೈಸೇರಿದ ಮೇಲಿನ ನಡವಳಿಕೆ.

ಅನೇಕ ಕಾಲೇಜುಗಳಲ್ಲಿ ಒಬ್ಬರಿಗೆ ಒಂದೇ ಕೆಲಸ ಎಂಬ ನಿಯಮವಿದೆ. ಸಂಬಳ ತುಂಬ ಹೆಚ್ಚಿರುವ ‘ಡ್ರೀಮ್ ಕಂಪನಿ’ಗಳಿಗಷ್ಟೇ ವಿನಾಯಿತಿ. ಉಳಿದವರಿಗೂ ಅವಕಾಶ ಸಿಗಲಿ ಎಂಬುದು ಉದ್ದೇಶ. ಆದರೂ ಕ್ಯಾಂಪಸ್ ಆಫರ್‌ಗೆ ಹೂಂ ಎಂದು ಹೊರಗೆ ಹುಡುಕುತ್ತಲೇ ಇದ್ದು, ಕೆಲಸಕ್ಕೆ ಸೇರಬೇಕಾದ ದಿನ ಫೋನ್ ಎತ್ತದವರಿದ್ದಾರೆ. ಆ ಕಂಪನಿ ಮುಂದಿನ ವರ್ಷ ಕಾಲೇಜಿನ ಕಡೆ ತಲೆಹಾಕದಿದ್ದರೆ ಪೆಟ್ಟು ಬೀಳುವುದು ಜೂನಿಯರ್‌ಗಳಿಗೆ.

‘ಕಂಪನಿಗಳು ಮಾತು ಉಳಿಸಿಕೊಳ್ಳುತ್ತವಾ ಸಾರ್?’ ಎಂದು ವಿದ್ಯಾರ್ಥಿಗಳು ಕೇಳಿದರೆ ಸುಲಭದ ಉತ್ತರವಿಲ್ಲ. 2016ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್, ಜೂನ್‌ನಲ್ಲಿ ಸೇರಬೇಕಿದ್ದ ಅಹಮದಾಬಾದ್ ಐಐಎಂ ಪದವೀಧರರಿಗೆ ಡಿಸೆಂಬರ್‌ವರೆಗೆ ಕಾಯಲು ಹೇಳಿತು. ಅದೇ ವರ್ಷ ಐಐಟಿಗಳು, ಕೊಟ್ಟ ಆಫರ್ ವಿಷಯದಲ್ಲಿ ಸರಿಯಾಗಿ ನಡೆದುಕೊಳ್ಳದ 31 ಕಂಪನಿಗಳನ್ನು ಕ್ಯಾಂಪಸ್‌ನಿಂದ ಹೊರಗಿಟ್ಟವು. 2023ರ ಫೆಬ್ರುವರಿಯಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷ ರೂಪಾಯಿಯ ಆಫರ್ ಹಿಡಿದು ಕಾಯುತ್ತಿದ್ದವರನ್ನು 3.5 ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತು. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ, ಆಂತರಿಕ ಪರೀಕ್ಷೆ ಪಾಸಾಗದ 300ಕ್ಕೂ ಹೆಚ್ಚು ಟ್ರೈನಿಗಳು ಮನೆಗೆ ಹೋದರು.

ಇಷ್ಟಾದ ಮೇಲೂ, ದೊಡ್ಡ ಕಂಪನಿಯೊಂದು ಕೈಕೊಟ್ಟಿತೆಂದು ತುಮಕೂರಿನ ಸಣ್ಣ ಕಂಪನಿಗೆ ನಾವು ಕೈಕೊಡುವುದು ಯಾವ ಲೆಕ್ಕ? ಈ ಅನುಭವಗಳಿಂದ ಕಲಿಯಬೇಕಾದದ್ದು ಒಪ್ಪುವ ಮೊದಲೇ ಬಾಯಿಬಿಟ್ಟು ಕೇಳುವುದನ್ನು. ಸೇರುವ ದಿನಾಂಕ ಯಾವುದು, ತರಬೇತಿಯಲ್ಲಿ ಫೇಲಾದರೆ ಏನು ಗತಿ, ಸಿಟಿಸಿ ಎಂದು ಹೇಳುವ ವಾರ್ಷಿಕ ಮೊತ್ತದಲ್ಲಿ ತಿಂಗಳಿಗೆ ಕೈಗೆ ಬರುವುದೆಷ್ಟು? ಬಾಂಡ್ ಇದೆಯೇ ಎಂಬುದನ್ನಂತೂ ಕೇಳಲೇಬೇಕು. ಬಾಂಡ್ ಬರೀ ಬೆದರಿಕೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬ ಹಾಸ್ಟೆಲ್ ಕಾನೂನನ್ನು ನಂಬಬೇಡಿ. ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟವರು 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಯೋಚಿಸಲು ನಾಲ್ಕು ದಿನ ಕೊಡಿ ಎನ್ನುವುದು ಉದ್ಧಟತನವಲ್ಲ. ಸಂದರ್ಶನಕ್ಕೆ ಕುಳಿತವರಿಗೆ ಇಷ್ಟೂ ಹಕ್ಕಿಲ್ಲದಿದ್ದರೆ ಅದನ್ನು ಆಯ್ಕೆ ಎನ್ನಲಾಗದು.

ಒಪ್ಪಿದ ಮೇಲೂ ಮನೆಯ ಕಷ್ಟದಿಂದಲೋ ಉನ್ನತ ವ್ಯಾಸಂಗಕ್ಕೋ ಹಿಂದೆ ಸರಿಯಬೇಕಾದೀತು. ಆಗ ಅದೇ ದಿನ ಎಚ್‌ಆರ್‌ಗೆ ಇಮೇಲ್ ಬರೆಯಿರಿ, ಪ್ಲೇಸ್‌ಮೆಂಟ್ ಅಧಿಕಾರಿಗೂ ಪ್ರತಿ ಕಳಿಸಿ. ಬೇಗ ತಿಳಿಸಿದರೆ ಆ ಜಾಗಕ್ಕೆ ನಿಮ್ಮ ತರಗತಿಯವರನ್ನೇ ಕರೆದಾರು.