ಬೆಳ್ಳಿಯ ಕಣವೂ ಬುತ್ತಿಯ ಡಬ್ಬಿಯೂ

ಹಸುಗೂಸಿಗೆ ಬೆಳ್ಳಿಯ ಒಳಲೆಯಿಂದ ಹಾಲು ಕುಡಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಬೆಳ್ಳಿಗೆ ರೋಗಾಣುಗಳನ್ನು ಕೊಲ್ಲುವ ಗುಣವಿದೆಯೆಂಬುದನ್ನು ವಿಜ್ಞಾನವೂ ಒಪ್ಪುತ್ತದೆ. ಲೋಹದಿಂದ ಹೊರಡುವ ವಿದ್ಯುದಂಶವುಳ್ಳ ಪರಮಾಣುಗಳು, ಎಂದರೆ ಅಯಾನುಗಳು, ರೋಗಾಣುವಿನ ಹೊರಪೊರೆಯನ್ನು ಕೆಡಿಸಿ ಅದರ ಜೀವಕ್ರಿಯೆಯನ್ನು ನಿಲ್ಲಿಸುತ್ತವೆ. ಒಳಲೆಯಿಂದ ಹೊರಡುವ ಅಯಾನುಗಳು ಅತ್ಯಲ್ಪ. ಅದೇ ಬೆಳ್ಳಿಯನ್ನು ಕೆಲವೇ ನ್ಯಾನೋಮೀಟರುಗಳಷ್ಟು ಕಿರಿದಾದ ಕಣಗಳನ್ನಾಗಿ ಮಾಡಿದರೆ ಮೇಲ್ಮೈ ಅಗಾಧವಾಗಿ ಹೆಚ್ಚಿ ಅಯಾನುಗಳೂ ಹೆಚ್ಚುತ್ತವೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರು.

ಇಂತಹ ಕಣಗಳನ್ನು ಪ್ಲಾಸ್ಟಿಕ್ ಡಬ್ಬಿಗಳಲ್ಲಿಯೂ ಆಹಾರ ಕಟ್ಟುವ ಹಾಳೆಗಳಲ್ಲಿಯೂ ಬೆರೆಸಿದರೆ ತಿಂಡಿ ಬೇಗನೆ ಹಳಸದೆಂಬುದು ತಯಾರಕರ ಆಶಯ. ಆದರೆ ಡಬ್ಬಿಯಲ್ಲಿರಬೇಕಾದ ಬೆಳ್ಳಿ ಅನ್ನದೊಳಕ್ಕೆ ಇಳಿಯುವುದೆಷ್ಟು? ಬಿಸಿ, ಹುಳಿ, ಬಹುಹೊತ್ತಿನ ಸಂಪರ್ಕ, ಇವು ಲೋಹವನ್ನು ಹೊರಗೆಳೆಯುತ್ತವೆ. ಬೆಳಿಗ್ಗೆ ಬಿಸಿಬಿಸಿಯಾಗಿ ತುಂಬಿ ಮಧ್ಯಾಹ್ನ ತೆರೆಯುವ ನಿಮ್ಮ ಪುಳಿಯೋಗರೆಗೆ ಈ ಮೂರೂ ಉಂಟು! ಬೆಳ್ಳಿಯನ್ನು ಔಷಧವೆಂದು ಬಹುಕಾಲ ಸೇವಿಸಿದವರ ಚರ್ಮ ನೀಲಿಬೂದು ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿದದ್ದುಂಟು. ಅದು ಹೆಚ್ಚು ಪ್ರಮಾಣದ ಮಾತು, ನಿಜ. ಆದರೂ ಶತ್ರುಮಿತ್ರರ ಭೇದ ಬೆಳ್ಳಿಗೆ ತಿಳಿಯದು. ಕರುಳಿನಲ್ಲಿರುವ ಉಪಕಾರಿ ಜೀವಿಗಳನ್ನೂ ಅದು ಕೊಲ್ಲಬಲ್ಲದು.

ಕಣಗಳು ಕದಲದಂತೆ ಮಾಡುವುದು ಹೇಗೆ? ಕುಡಿಯುವ ನೀರಿನ ಮಟ್ಟಿಗೆ ಇದಕ್ಕೊಂದು ಜಾಣ ಉತ್ತರ ನಮ್ಮ ಚೆನ್ನೈ ನಗರದಲ್ಲಿಯೇ ದೊರೆತಿದೆ. ಗಿಂಡಿಯ ಕಾಡಿಗೆ ಹೊಂದಿಕೊಂಡಿರುವ ಮದರಾಸು ಐ.ಐ.ಟಿ.ಯಲ್ಲಿ ಪ್ರೊಫೆಸರ್ ಟಿ. ಪ್ರದೀಪ್ ಅವರೂ ಅವರ ಸಂಗಡಿಗರೂ ನೀರಿನ ಶೋಧಕವೊಂದನ್ನು ರೂಪಿಸಿ 2013ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಸಿಗಡಿ ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ವಸ್ತುವೂ ಅಲ್ಯೂಮಿನಿಯಂ ಸಂಯುಕ್ತವೊಂದೂ ಸೇರಿ ಅದರಲ್ಲಿ ಪಂಜರದಂತಾಗುತ್ತವೆ. ಬೆಳ್ಳಿಯ ಕಣ ಆ ಪಂಜರದೊಳಗೇ ಉಳಿಯುತ್ತದೆ. ಅಯಾನುಗಳು ಮಾತ್ರ ನೀರಿಗೆ ಬರುತ್ತವೆ. ಅವೂ ಲೀಟರಿಗೆ ಸುಮಾರು 0.04 ಮಿಲಿಗ್ರಾಂ, ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 0.1 ಮಿಲಿಗ್ರಾಂ.

ಆಹಾರದ ಡಬ್ಬಿಗಳ ವಿಷಯದಲ್ಲಿ ಎಲ್ಲರೂ ಇಷ್ಟು ಅಳೆದು ತೂಗಿ ನೋಡುವುದಿಲ್ಲ. ನ್ಯಾನೋಬೆಳ್ಳಿ ಬೆರೆತ ಕೆಲವು ಡಬ್ಬಿಗಳು ಪರೀಕ್ಷೆಯಿಲ್ಲದೆ ಅಂಗಡಿಗೆ ಬಂದಾಗ, 2014ರಲ್ಲಿ ಅಮೆರಿಕೆಯ ಪರಿಸರ ಸಂರಕ್ಷಣಾ ಸಂಸ್ಥೆ ಅವುಗಳ ಮಾರಾಟವನ್ನು ತಡೆಯಿತು. ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಕೃಷಿ ಮತ್ತು ಆಹಾರಕ್ಕೆ ಸಂಬಂಧಿಸಿದ ನ್ಯಾನೋವಸ್ತುಗಳನ್ನು ಪರೀಕ್ಷಿಸುವ ಬಗೆಯನ್ನು ಕುರಿತು 2020ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ‘ರೋಗಾಣುನಾಶಕ’ ಎಂಬ ಚೀಟಿಯುಳ್ಳ ಡಬ್ಬಿಯನ್ನು ಅಂಗಡಿಯಲ್ಲಿ ಕಂಡರೆ ಅದರಲ್ಲಿರುವ ಲೋಹ ಯಾವುದು, ಅದು ಅನ್ನಕ್ಕೆ ಇಳಿಯುವುದೆಷ್ಟು ಎಂದು ಕೇಳಿ ನೋಡಿರಿ.